ಕೊಡೆ ಹಿಡಿದು ಪಾರ್ಕಿಗೆ ಹೋದದ್ದು

ಸಿಡ್ನಿ

ನಮ್ಮೂರಲ್ಲಿ ಪಾರ್ಕು ಎಂದರೆ ದಂಡಿನವರ ತೋಟ. ಕೆಂಪು ಮಣ್ಣಿನ ಹಾದಿ, ಸುಣ್ಣ ಬಳಿದ ಕಲ್ಲು, ಸಂಜೆ ಬ್ಯಾಂಡು ಬಾರಿಸುವ ಕಟ್ಟೆ, ಗಿಡಕ್ಕೆ ನೀರು ಹಾಕುವ ಮಾಲಿ. ಆ ಒಂದು ಮಾತನ್ನು ನಂಬಿ ನಾನು ಹೊಸ ಬೂಟು ಹಾಕಿಕೊಂಡು, ಕರೀ ಕೋಟಿನ ಮೇಲೆ ಮದುವೆಯ ಜರಿ ಶಲ್ಯ ಹೊದ್ದು, ಕೊಡೆ ಹಿಡಿದು ಹೊರಟೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಗುವವರು ಈಗಲೇ ನಕ್ಕುಬಿಡಲಿ. ಮುಂದೆ ಪುರುಸೊತ್ತು ಸಿಗುವುದಿಲ್ಲ.

ನಾನು ಬಳ್ಳಾರಿಯ ಕುದುರೆ ವ್ಯಾಪಾರಿಯೊಬ್ಬರ ಗುಮಾಸ್ತ. ದಂಡಿನ ಸವಾರರಿಗೆ ಬೇಕಾದ ಎತ್ತರದ ಕುದುರೆಗಳು ಆಸ್ಟ್ರೇಲಿಯದಿಂದ ಹಡಗಿನಲ್ಲಿ ಮದರಾಸಿಗೆ ಬರುತ್ತವೆ. ಈ ಸಲ ನಮ್ಮ ಯಜಮಾನರು, ಇಂಗ್ಲಿಷು ಬಲ್ಲವನೆಂದು ನನ್ನನ್ನೇ ಕಳಿಸಿದರು. ಕುದುರೆ ಬಲ್ಲವನೆಂದು ಕುರುಗೋಡಿನ ದೊಡ್ಡಬಸಪ್ಪ ಜೊತೆಗೆ ಬಂದ. ಐವತ್ತು ದಾಟಿದ ಆಳು. ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ಬರಬೇಕಾದ ಎತ್ತರ. ಜೀವಮಾನದಲ್ಲಿ ಬೂಟು ಮೆಟ್ಟಿದವನಲ್ಲ.

ಸಮುದ್ರ ದಾಟಿದವನಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲವೆಂದು ನಮ್ಮ ಬೀದಿಯ ಹಿರಿಯರು ಹೆದರಿಸಿದ್ದರು. ಅದಕ್ಕೆ ಅಮ್ಮ ತನ್ನ ತವರು ಸಿರುಗುಪ್ಪದಿಂದ ಎರಡು ಚೀಲ ಅಕ್ಕಿ ತರಿಸಿ, ‘ನಿನ್ನ ಕೈಲೆ ನೀ ಬೇಯಿಸ್ಕೊಂಡು ಉಣ್ಣು, ಯಾರ ಕೈಯಿಂದನೂ ಏನೂ ಮುಟ್ಟಬ್ಯಾಡ’ ಎಂದು ಆಣೆ ಹಾಕಿಸಿಕೊಂಡಿದ್ದಳು. ಮನೆ ಬಿಟ್ಟಂದಿನಿಂದ ಆ ಆಣೆ ಹಾಗೇ ನಡೆದಿತ್ತು.

ಮಂಗಳವಾರ ಬೆಳಗಾಗುತ್ತಲೇ ಕುದುರೆಗಳನ್ನು ಹಡಗಿಗೆ ಹತ್ತಿಸಬೇಕು. ಸೋಮವಾರ ಅವಕ್ಕೂ ವಿಶ್ರಾಂತಿ, ನಮಗೂ ವಿಶ್ರಾಂತಿ. ಲಾಯದ ಒಡೆಯ, ಕೆಂಪು ಗಡ್ಡದ ಮನುಷ್ಯ, ನನ್ನ ಬೆನ್ನು ತಟ್ಟಿ, “ನಮ್ಮ ನ್ಯಾಷನಲ್ ಪಾರ್ಕು ನೋಡದೆ ಹೋಗಬೇಡಿ. ರೈಲಿನಲ್ಲಿ ಹೋದರೆ ಸಮೀಪ. ಆದರೆ ಸಂಜೆ ಐದೂವರೆಯ ಗಾಡಿ ತಪ್ಪಿಸಬೇಡಿ, ಅದೇ ಕೊನೆಯದು” ಎಂದ.

ಇದನ್ನು ಬಸಪ್ಪನಿಗೆ ಹೇಳಿದೆ.

“ತ್ವಾಟ ನೋಡಾಕ ರೈಲಿನ್ಯಾಗ ಹೋಗಬೇಕೇನ್ರಿ ರಾಯರ?” ಎಂದ ಅವನು. ನಾನು ಅದಕ್ಕೆ ಕಿವಿಗೊಡಲಿಲ್ಲ.

ರೈಲಿನಲ್ಲಿ

ಆ ದೇಶದವರಿಗೆ ಹವೆಯ ಮಾತೆಂದರೆ ನಮ್ಮವರಿಗೆ ಎಲೆಯಡಿಕೆ ಇದ್ದ ಹಾಗೆ. ಗುರುತಿರಲಿ ಇಲ್ಲದಿರಲಿ, ಕೂತ ತಕ್ಷಣ ಅದನ್ನೇ ಮುಂದಿಡುತ್ತಾರೆ. ಬಳ್ಳಾರಿಯಲ್ಲಿ ಯಾರಾದರೂ ‘ಇವತ್ತು ಬಿಸಿಲು’ ಎಂದು ಮಾತು ತೆಗೆದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯಾರು. ನಮ್ಮೆದುರು ಕೂತ ಮುದುಕ ಮೂರು ಸ್ಟೇಷನ್ನು ದಾಟುವವರೆಗೆ ಮೋಡ, ಗಾಳಿ, ನಿನ್ನೆಯ ಚಳಿ, ಇಂದಿನ ಸೆಕೆ ಎಲ್ಲವನ್ನೂ ವಿವರಿಸಿದ.

ಸೆಕೆ ಇದ್ದದ್ದು ನಿಜ. ನವರಾತ್ರಿ ಮುಗಿದ ದಿನಗಳು. ಆ ನಾಡಿಗೆ ಅದು ಬೇಸಿಗೆಯ ಬಾಗಿಲು. ಒಳನಾಡಿನಿಂದ ಒಣ ಬಿಸಿಗಾಳಿ ಬೀಸುತ್ತಿತ್ತು. ಬಸಪ್ಪ ಕಿಟಕಿಯಿಂದ ಮುಖ ಹೊರಗಿಟ್ಟು ಕಣ್ಣು ಮುಚ್ಚಿದ.

“ಆಹಾ! ನಮ್ಮೂರ ಗಾಳಿರೀ ರಾಯರ. ಕ್ವಾಟಿ ಗುಡ್ಡದ ಕಲ್ಲು ಕಾದು ಬಂದಂಗ ಐತಿ.”

“ಅಫ್ಘಾನರೋ?” ಎಂದು ಮುದುಕ ನಮ್ಮ ತಲೆಯ ರುಮಾಲು ನೋಡಿ ನನ್ನನ್ನು ಕೇಳಿದ.

“ಅಲ್ಲ, ಬಳ್ಳಾರಿಯವರು.”

“ಓಹೋ, ಬಳ್ಳಾರಿ!” ಎಂದು ಪಕ್ಕದ ಊರಿನ ಹೆಸರು ಕೇಳಿದವನಂತೆ ತಲೆಯಾಡಿಸಿದ. ಆಮೇಲೆ ನನ್ನ ಬೂಟು ನೋಡಿದ, ಬಸಪ್ಪನ ಬರಿಗಾಲು ನೋಡಿದ. “ಆ ದಾರಿಗೆ ಸರಿಯಾಗಿ ಬಂದವರು ನಿಮ್ಮ ಸ್ನೇಹಿತರು. ಮಧ್ಯಾಹ್ನದ ಮೇಲೆ ದಕ್ಷಿಣದ ಗಾಳಿ ತಿರುಗಿದರೆ ಬಯಲಲ್ಲಿ ನಿಲ್ಲಬೇಡಿ” ಎಂದ. ನಾನು ಕೊಡೆ ತೋರಿಸಿದೆ. ಅವನು ಪತ್ರಿಕೆ ಬಿಡಿಸಿದ.

ವಾಟರ್‌ಫಾಲ್ ಸ್ಟೇಷನ್ನು

ಇಳಿದವರು ನಾವಿಬ್ಬರೇ. ಸುತ್ತಲೂ ಕಾಡು. ಸ್ಟೇಷನ್ನಿನವನನ್ನು, “ಪಾರ್ಕು ಎಲ್ಲಿ?” ಎಂದು ಕೇಳಿದೆ. ಅವನು ಕೈಯನ್ನು ಬಲದಿಂದ ಎಡಕ್ಕೆ, ದಿಗಂತದ ಈ ತುದಿಯಿಂದ ಆ ತುದಿಗೆ ಒಮ್ಮೆ ಬೀಸಿದ.

ನನ್ನ ಎದೆಯಲ್ಲಿ ಏನೋ ಕುಣಿದಂತಾಯಿತು. ತೋಟ ನೋಡಲು ಬಂದವನಿಗೆ ಇಡೀ ಒಂದು ಕಾಡು ಸಿಕ್ಕಿತ್ತು! ಸಮುದ್ರದ ದಂಡೆಗೆ ಕಾಲುದಾರಿ ಇದೆ, ನಡುವೆ ಒಂದು ಹೊಳೆ ದಾಟಬೇಕು, ಎರಡೂವರೆ ಗಂಟೆಯ ನಡಿಗೆ ಎಂದು ಅವನು ಹೇಳಿದ. ಇಲ್ಲಿ ಯಾರೂ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಜನ ಬಂದು ತಿರುಗಾಡಲೆಂದೇ ಸರಕಾರ ಇಟ್ಟಿದೆ ಎಂದೂ ಹೇಳಿದ.

ಬಸಪ್ಪನಿಗೆ ಇದು ಅರ್ಥವಾಗಲಿಲ್ಲ. “ಕಟಿಗಿ ಕಡಿಯಂಗಿಲ್ಲ, ಬ್ಯಾಟಿ ಇಲ್ಲ, ದನ ಮೇಸಂಗಿಲ್ಲ. ಮತ್ತ ಯಾಕ ಇಟ್ಟಾರ?”

“ನೋಡ್ಲಿಕ್ಕೆ.”

“ಬರೇ ನೋಡಾಕ?” ಅವನು ನಾಲ್ಕು ಹೆಜ್ಜೆ ನಡೆದು ನಿಂತ. “ಹಂಗಾರ ನೋಡೂಣು ನಡೀರಿ. ಇಷ್ಟ್ ದೂರ ಬಂದೀವಿ.”

ನೋಡಲು ಎರಡು ಕಣ್ಣು ಸಾಲಲಿಲ್ಲ. ನೀಲಗಿರಿಯಲ್ಲಿ ನೆಟ್ಟಿದ್ದಾರೆಂದು ಕೇಳಿದ್ದ ಮರಗಳ ಮೂಲಕುಲವೇ ಅಲ್ಲಿ ನಿಂತಿತ್ತು. ಅವು ಎಲೆ ಉದುರಿಸುವುದಿಲ್ಲ, ತೊಗಟೆ ಉದುರಿಸುತ್ತವೆ. ಮೊಣಕಾಲೆತ್ತರದ ಪೊದೆಯಿಂದ ಒಂದು ಪ್ರಾಣಿ ಎದ್ದು ಎರಡೇ ಕಾಲಿನ ಮೇಲೆ ಕುಪ್ಪಳಿಸಿ ದಾರಿಯ ನಡುವೆ ನಿಂತು ನಮ್ಮನ್ನು ನೋಡಿತು. ಮುಂಗಾಲನ್ನು ಎದೆಗೆ ಹಚ್ಚಿಕೊಂಡ ಅದರ ನಿಲುವು ನೋಡಿ ಬಸಪ್ಪ ತಾನೂ ಕೈಮುಗಿದ. ಅದು ಹಾರಿ ಹೋಯಿತು. “ನಮಸ್ಕಾರ ಮಾಡಿ ಹೋತ್ರಿ!” ಎಂದು ಅವನು ಮೈಲಿಗಟ್ಟಲೆ ನಗುತ್ತ ಬಂದ.

ಕಣಿವೆಯಲ್ಲಿ ಇಳಿದಾಗ ಆನೆಕಿವಿಯಷ್ಟು ದೊಡ್ಡ ಜರೀಗಿಡ, ಗಾಢ ನೆರಳು. ಹೊಳೆ ಮೊಣಕಾಲುದ್ದ. ನಾನು ಬೂಟು ಕಳಚಿ ಕಲ್ಲಿಂದ ಕಲ್ಲಿಗೆ ದಾಟಿದೆ. ಆಚೆಗೆ ಹೋಗಿ ನೋಡಿದರೆ ಹಿಮ್ಮಡಿಯಲ್ಲಿ ಎರಡು ಜಿಗಣೆ. ಬೂಟು ತಿಂದ ಚರ್ಮಕ್ಕಿಂತ ಅವು ತಿಂದದ್ದು ಕಡಿಮೆ.

ಸಮುದ್ರದ ಅಂಚು

ಕಾಡು ತಟ್ಟನೆ ಮುಗಿಯಿತು. ಮುಂದೆ ಕುರುಚಲು ಬಯಲು, ಅದರ ಅಂಚಿಗೆ ಕಡಿದಾದ ಬಂಡೆ, ಕೆಳಗೆ ಸಮುದ್ರ. ಹಡಗಿನಲ್ಲಿ ವಾರಗಟ್ಟಲೆ ಸಮುದ್ರ ನೋಡಿ ಬೇಸತ್ತವನು ನಾನು. ಆದರೆ ಮೇಲಿಂದ, ಹದ್ದು ನೋಡುವ ಹಾಗೆ, ನೋಡಿರಲಿಲ್ಲ. ಅಲೆಗಳು ಬಂಡೆಗೆ ಬಡಿದು ಪುಡಿಯಾಗಿ ಮೇಲೇರಿ ನಮ್ಮ ತುಟಿಗೆ ಉಪ್ಪು ಹಚ್ಚುತ್ತಿದ್ದವು. ನಾನು ಬಾಯಿಬಿಟ್ಟು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ.

ಬಸಪ್ಪ ಕುರುಗೋಡಿನ ಬಂಡೆಗಳ ಮೇಲೆ ಬೆಳೆದವನು. ಕಲ್ಲು ಕಂಡ ತಕ್ಷಣ ಅವನ ಮೂವತ್ತು ವರ್ಷ ಉದುರಿಹೋದವು. ಒಂದು ಗುಂಡುಕಲ್ಲಿನ ಮೇಲೆ ಏರಿ, ಇನ್ನೊಂದಕ್ಕೆ ಜಿಗಿದು, ತುದಿಯಲ್ಲಿ ನಿಂತು ಕೈ ಬೀಸಿದ.

ಆಗ ಬಿಸಿಗಾಳಿ ನಿಂತಿತು. ಹಕ್ಕಿಗಳೂ ಸುಮ್ಮನಾದವು. ದಕ್ಷಿಣದಲ್ಲಿ, ನೀರಿಗೂ ಆಕಾಶಕ್ಕೂ ನಡುವೆ, ಬಿಳಿಯ ಉದ್ದನೆಯ ಸುರುಳಿಯೊಂದು ಕಾಣಿಸಿತು.

“ಬಸಣ್ಣ, ಅದು ಮಳಿ ಏನು?”

ಅವನು ಹಣೆಗೆ ಕೈಯಿಟ್ಟು ನೋಡಿದ. “ಮಳಿ ಮೋಡ ಅಲ್ರಿ ಅದು. ಮಳಿ ಮೋಡಾದ್ರ ಹೊಟ್ಟಿ ಕೆಳಗ ಜೋತಾಡತೈತಿ. ಇದು ಹಾಸಗಿ ಸುತ್ತಿಟ್ಟಂಗ ಐತಿ. ಹಂಗ ಹೋಗಿಬಿಡತೈತಿ, ಹೆದರಬ್ಯಾಡ್ರಿ.”

ಅವನು ಬಂಡೆಯಿಂದ ಇಳಿಯುವುದರೊಳಗೆ ಆ ಹಾಸಿಗೆ ನಮ್ಮ ಮೇಲೆ ಬಿಚ್ಚಿಕೊಂಡಿತು. ಎದೆಗೆ ಕೈಯಿಟ್ಟು ದೂಡಿದಂಥ ಗಾಳಿ. ಕೊಡೆ ಬಿಚ್ಚಿದೆ, ಅದು ತಿರುಗುಮುರುಗಾಗಿ, ನನ್ನ ಕೈಯಿಂದ ಕಿತ್ತುಕೊಂಡು, ಕಪ್ಪು ಹಕ್ಕಿಯ ಹಾಗೆ ಹಾರುತ್ತ ಸಮುದ್ರಕ್ಕೆ ಹೋಯಿತು. ಉಸಿರಾಡುವುದರೊಳಗೆ ಬೇಸಿಗೆ ಚಳಿಗಾಲವಾಗಿತ್ತು. ಮಳೆ ಅಡ್ಡಡ್ಡ ಬಂತು, ಹಿಂದೆಯೇ ಆಲಿಕಲ್ಲು. ಬಸಪ್ಪ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದ.

“ಈ ಊರ ಮ್ವಾಡಕ್ಕ ಭಾಷಿನ ಬ್ಯಾರೆ ಐತ್ರಿ!” ಎಂದು ಓಡುತ್ತಲೇ ಕೂಗಿದ.

ಬಂಡೆಯ ಕೆಳಗೆ

“ಒಳಗೆ ಬನ್ನಿ! ನಿಂತು ಏನು ನೋಡುತ್ತಿದ್ದೀರಿ?” ಎಂದು ಇಂಗ್ಲಿಷಿನಲ್ಲಿ ಯಾರೋ ಗದರಿದರು.

ಚಾಚಿಕೊಂಡ ದೊಡ್ಡ ಬಂಡೆಯ ಅಡಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಅರವತ್ತರ ಮೇಲಿನ, ಗುಬ್ಬಿಯಷ್ಟು ಸಣ್ಣ ಹೆಂಗಸು. ಒಂದು ಕಾಲಿಗೆ ಬೂಟಿತ್ತು. ಇನ್ನೊಂದು ಕಾಲು ಬಾತುಕೊಂಡಿತ್ತು. ಪಕ್ಕದಲ್ಲಿ ಸಣ್ಣ ಬೆಂಕಿ, ಅದರ ಮೇಲೆ ತಗಡಿನ ಪಾತ್ರೆಯಲ್ಲಿ ಚಹಾ. ಹೆಸರು ಮಿಸ್ ಡಾಸನ್. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವರು, ಈಗ ವಾರಕ್ಕೊಮ್ಮೆ ಒಬ್ಬರೇ ಬಂದು ಜರೀಗಿಡ ಸಂಗ್ರಹಿಸುತ್ತಾರಂತೆ. ಬೆಳಿಗ್ಗೆ ಕಲ್ಲಿನ ಮೇಲೆ ಜಾರಿ ಬಿದ್ದಿದ್ದರು.

ಬಸಪ್ಪ ಮಂಡಿಯೂರಿ ಕೂತು, ನನ್ನ ಕಡೆ ನೋಡಿ, “ಮುಟ್ಟಲೇನು ಕೇಳ್ರಿ” ಎಂದ.

“ಇವರು ವೈದ್ಯರೇ?” ಎಂದು ಮಿಸ್ ಡಾಸನ್ ಕೇಳಿದರು.

“ಕುದುರೆಗಳಿಗೆ” ಎಂದೆ.

“ಒಳ್ಳೆಯದು. ನಾನು ಒದೆಯುವುದಿಲ್ಲ ಎಂದು ಹೇಳಿ.”

ಬಸಪ್ಪ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ಒತ್ತಿ ನೋಡಿದ. “ಎಲುಬು ಮುರದಿಲ್ಲ, ಉಳಕೈತಿ. ನಿಮ್ಮ ಶಲ್ಲೆ ಕೊಡ್ರಿ ರಾಯರ.” ನನ್ನ ಮದುವೆಯ ಶಲ್ಯ ಆ ತಾಯಿಯ ಕಾಲಿಗೆ ಬಿಗಿಯಾದ ಪಟ್ಟಿಯಾಯಿತು.

ಅವರು ಚಹಾ ನೀಡಿದರು. ಬಸಪ್ಪ ಎರಡು ಲೋಟ ಕುಡಿದ. ನಾನು ಕೈಮುಗಿದು ಬೇಡವೆಂದೆ, ಕಾರಣವನ್ನೂ ಹೇಳಿದೆ. ಅವರು ಬಲವಂತ ಮಾಡಲಿಲ್ಲ. ಉಳಿದದ್ದನ್ನು ಬಾಟಲಿಗೆ ಸುರಿದು ಬಿರಡೆ ಹಾಕಿ, ಉಣ್ಣೆ ಬಟ್ಟೆ ಸುತ್ತಿ ಹೆಗಲಚೀಲದಲ್ಲಿಟ್ಟರು. ಬಸಪ್ಪ ತನ್ನ ಗಂಟಿನಿಂದ ಕಟಕು ಜೋಳದ ರೊಟ್ಟಿ ಮುರಿದು, ಗುರೆಳ್ಳು ಪುಡಿ ಹಚ್ಚಿ ಅವರಿಗೆ ಕೊಟ್ಟ. ಒಂದು ತುಂಡು ಬಾಯಿಗಿಟ್ಟವರು ಕಣ್ಣಲ್ಲಿ ನೀರು ತಂದುಕೊಂಡು, ಮೂಗು ಒರೆಸಿ, ಇನ್ನೊಂದು ತುಂಡಿಗೆ ಕೈಚಾಚಿದರು.

ಆಗಲೇ ನಾನು ಗೋಡೆ ನೋಡಿದ್ದು. ಬಂಡೆಯ ತುಂಬ ಕೈಗಳು. ಅಂಗೈಯನ್ನು ಕಲ್ಲಿಗೆ ಒತ್ತಿ ಸುತ್ತ ಬಿಳಿ ಬಣ್ಣ ಊದಿದ ಗುರುತು. ದೊಡ್ಡವರ ಕೈ, ಮಕ್ಕಳ ಕೈ. ಈ ನೆಲದ ಮೊದಲಿನ ಜನ ಮಾಡಿದ್ದು ಎಂದರು ಮಿಸ್ ಡಾಸನ್. ಆ ಜನ ಈಗ ಎಲ್ಲಿ ಎಂದು ಕೇಳಿದೆ. ಅವರು ಬೆಂಕಿಗೆ ಒಂದು ಕಡ್ಡಿ ಹಾಕಿ, “ಇಲ್ಲಿಂದ ಹೋಗುವಂತೆ ಮಾಡಿದೆವು” ಎಂದಷ್ಟೇ ಹೇಳಿದರು.

ನಾನು ಇದನ್ನು ತಿಳಿಸಿದ ಮೇಲೆ ಬಸಪ್ಪ ಹತ್ತಿರ ಹೋಗಿ, ಮುಟ್ಟದೆ, ಒಂದು ಮಗುವಿನ ಕೈಗೆ ತನ್ನ ಕೈಯನ್ನು ಎದುರು ಹಿಡಿದ. “ನಮ್ಮ ಸಂಗನಕಲ್ಲು ಗುಡ್ಡದಾಗ ಎತ್ತು ಕೆತ್ಯಾರಲ್ರಿ, ಯಾರ ಕೆತ್ತಿದ್ದಂತ ಯಾರಿಗೂ ಗೊತ್ತಿಲ್ಲ. ಇಲ್ಲಿ ಗೊತ್ತಿದ್ದೂ ಕಳಕೊಂಡಾರ” ಎಂದ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಮಳೆ ಸಣ್ಣದಾಯಿತು. ಅವರ ಗಡಿಯಾರದಲ್ಲಿ ಎರಡು ಗಂಟೆ ದಾಟಿತ್ತು. “ನೀವು ಹೊರಡಿ. ಸ್ಟೇಷನ್ನಿನವರಿಗೆ ಹೇಳಿ, ನಾಳೆ ಯಾರನ್ನಾದರೂ ಕಳಿಸುತ್ತಾರೆ” ಎಂದರು. ಅವರ ತುಟಿ ಚಳಿಗೆ ನೀಲಿಯಾಗಿತ್ತು. ಸೌದೆಯೂ ಮುಗಿದಿತ್ತು.

ಬಸಪ್ಪನಿಗೆ ತಿಳಿಸಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, “ಕುಂಟ ಕರಾನೂ ಬಿಟ್ಟು ಹೋಗಂಗಿಲ್ರಿ ನಾವು” ಎಂದು ಬೆನ್ನು ತಿರುಗಿಸಿ ಅವರ ಮುಂದೆ ಕುಕ್ಕರಿಸಿದ. ಮಿಸ್ ಡಾಸನ್ ಟೋಪಿ ಬಿಗಿಸಿ, ಜರೀಗಿಡದ ಡಬ್ಬಿ ಕೊರಳಿಗೆ ಹಾಕಿಕೊಂಡು, ಹತ್ತಿ ಕೂತರು.

ಹೊಳೆ

ಬೆಳಿಗ್ಗೆ ಮೊಣಕಾಲುದ್ದವಿದ್ದ ಹೊಳೆ ಕಂದು ಬಣ್ಣ ತಾಳಿ ಮರದ ಕೊಂಬೆ ಉರುಳಿಸುತ್ತ ಹೋಗುತ್ತಿತ್ತು. ನಾವು ದಾಟಿದ ಕಲ್ಲು ಒಂದೂ ಕಾಣಲಿಲ್ಲ.

“ನನಗ ಈಜು ಬರಂಗಿಲ್ರಿ” ಎಂದ ಬಸಪ್ಪ. ಅವನ ಧ್ವನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು.

ನನಗೆ ಬರುತ್ತಿತ್ತು. ಸಿರುಗುಪ್ಪದಲ್ಲಿ ಸೋದರಮಾವ ಬೇಸಿಗೆಯಲ್ಲೆಲ್ಲ ಹೊಳೆಗೆ ನೂಕಿ ಕಲಿಸಿದ್ದ. ಬಸಪ್ಪನ ರುಮಾಲು ಬಿಚ್ಚಿದೆವು. ಹತ್ತು ಮೊಳಕ್ಕೂ ಮಿಕ್ಕಿದ ಗಟ್ಟಿ ಬಟ್ಟೆ. ಸಾಲದ್ದಕ್ಕೆ ನನ್ನ ರುಮಾಲನ್ನೂ ಗಂಟು ಹಾಕಿ, ಹೊಸೆದು ಹಗ್ಗ ಮಾಡಿದೆವು. ಒಂದು ತುದಿ ಮರಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿ, ಕಚ್ಚೆ ಬಿಗಿದು ನಾನು ಇಳಿದೆ.

ಆ ಚಳಿ! ಎದೆಯ ಗೂಡು ಕಟ್ಟಿಹೋಯಿತು. ಸೆಳವು ಹಿಡಿದು ತಿರುಗಿಸಿತು, ಒಂದು ಕೊಂಬೆ ಭುಜಕ್ಕೆ ಬಡಿಯಿತು, ನೀರು ಕುಡಿದೆ. ಅಂತೂ ಕೈಗೆ ಒಂದು ಬೇರು ಸಿಕ್ಕಿತು. ಆಚೆ ದಡದಲ್ಲಿ ಹಗ್ಗ ಕಟ್ಟಿ, “ಬಾ ಬಸಣ್ಣಾ!” ಎಂದು ಕೂಗಿದೆ.

ಅವನು ದೇವರನ್ನು ನೆನೆದು ಕಾಲಿಟ್ಟ. ನೀರು ಸೊಂಟಕ್ಕೆ, ಎದೆಗೆ ಏರಿತು. ನಡು ಹೊಳೆಯಲ್ಲಿ ಮಿಸ್ ಡಾಸನ್ನರ ಡಬ್ಬಿ ಜಾರಿ ನೀರಿಗೆ ಬಿತ್ತು. ಅವರು ಬಸಪ್ಪನ ಕಿವಿಯಲ್ಲೇ, “ಬಿಡಿ, ಹೋಗಲಿ, ಹೋಗಲಿ!” ಎಂದು ಇಂಗ್ಲಿಷಿನಲ್ಲಿ ಕಿರುಚಿದರು. ಒಂದು ಅಕ್ಷರ ತಿಳಿಯದ ಅವನು, ಅಮ್ಮನವರು ಅದನ್ನು ಹಿಡಿಯೆಂದು ಬೊಬ್ಬೆಯಿಡುತ್ತಿದ್ದಾರೆಂದು ತಿಳಿದು, ಹಗ್ಗದಿಂದ ಒಂದು ಕೈ ಬಿಟ್ಟು ಡಬ್ಬಿಗೆ ಬಾಗಿದ. ಕಾಲು ಜಾರಿತು. ಇಬ್ಬರೂ ಮುಳುಗಿದರು.

“ಡಬ್ಬಿ ಬಿಡೋ ಬಸಣ್ಣಾ! ಹಗ್ಗ ಹಿಡಿ!” ಎಂದು ಕೂಗುತ್ತ ನಾನು ಮತ್ತೆ ಹಾರಿದೆ. ಮೊದಲು ಸಿಕ್ಕಿದ್ದು ಮಿಸ್ ಡಾಸನ್ನರ ತೋಳು. ಆ ಸಣ್ಣ ಹೆಂಗಸು ಬಸಪ್ಪನ ಜುಟ್ಟನ್ನು ಬಿಗಿಯಾಗಿ ಹಿಡಿದಿದ್ದರು! ಹಗ್ಗ ಜಗ್ಗಿ, ತಡವರಿಸಿ, ಒಬ್ಬರನ್ನೊಬ್ಬರು ಎಳೆದುಕೊಂಡು ಮೂವರೂ ದಡದ ಕೆಸರಿನಲ್ಲಿ ಬಿದ್ದೆವು. ಬಸಪ್ಪ ಕೆಮ್ಮಿ ನೀರು ಕಾರಿದ. ಅವನ ಕಂಕುಳಲ್ಲಿ ಡಬ್ಬಿ ಇತ್ತು.

ಯಾರು ಮೊದಲು ನಕ್ಕರೋ ತಿಳಿಯದು. ಮೂವರೂ ಬಿದ್ದು ಬಿದ್ದು ನಕ್ಕೆವು. ನನ್ನ ಹಲ್ಲು ಕಟಕಟ ಹೊಡೆಯುತ್ತಿದ್ದವು. ಮಿಸ್ ಡಾಸನ್ ಚೀಲದಿಂದ ಬಾಟಲಿ ತೆಗೆದು ನನ್ನ ಮುಂದೆ ಹಿಡಿದರು. ಇನ್ನೂ ಬೆಚ್ಚಗಿತ್ತು. ಕುಡಿದೆ. ಕಹಿ, ಸಿಹಿ, ಹೊಗೆಯ ವಾಸನೆ. ಅದನ್ನು ಅಮ್ಮನಿಗೆ ಹೇಳಿದೆನೋ ಇಲ್ಲವೋ ಎಂಬುದು ನನ್ನ ಮತ್ತು ಅಮ್ಮನ ನಡುವಿನ ಮಾತು.

ಏರುದಾರಿ

ಮತ್ತೆ ಬಿಸಿಲು ಬಂತು. ತೊಯ್ದ ಕಾಡಿನಿಂದ ಹಬೆ ಏಳುತ್ತಿತ್ತು, ಪ್ರತಿ ಎಲೆಯ ತುದಿಯಲ್ಲೂ ಒಂದು ಹನಿ ಉರಿಯುತ್ತಿತ್ತು. ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ. ಗಡಿಯಾರ ನೀರು ಕುಡಿದು ನಿಂತಿತ್ತು. ಬಸಪ್ಪ ಅವರನ್ನು ಹೊತ್ತು ಏದುಸಿರು ಬಿಡುತ್ತ ಏರಿದ. ನಾನು ಹಿಂದಿನಿಂದ ಅವನ ಬೆನ್ನಿಗೆ ಕೈಕೊಟ್ಟೆ.

ಅರ್ಧ ದಾರಿಯಲ್ಲಿ ರೈಲಿನ ಸಿಳ್ಳೆ ಕೇಳಿಸಿತು.

ಗಾಡಿ ಹೋಯಿತು. ಬೆಳಗಾದರೆ ಹಡಗು, ಯಜಮಾನರ ಕುದುರೆಗಳೆಲ್ಲ ನಾವಿಲ್ಲದೆ ಸಮುದ್ರದ ಮೇಲೆ. “ಬಸಣ್ಣ, ತಪ್ಪಿತು” ಎಂದೆ. ಅವನು ಮಿಸ್ ಡಾಸನ್ನರನ್ನು ಮೆಲ್ಲಗೆ ಇಳಿಸಿ ಬೆವರು ಒರೆಸಿಕೊಂಡ.

ಸಿಳ್ಳೆ ಮತ್ತೊಮ್ಮೆ ಕೇಳಿತು, ಬಲು ಹತ್ತಿರದ ಪೊದೆಯಿಂದ. ಅದರ ಹಿಂದೆಯೇ ಕೊಡಲಿಯ ಏಟು, ನಾಯಿಯ ಬೊಗಳು, ಗಿಳಿಗಳ ಕಿರುಚು, ಮತ್ತೆ ಅದೇ ಸಿಳ್ಳೆ. ಮಿಸ್ ಡಾಸನ್ ತುಟಿಗೆ ಬೆರಳಿಟ್ಟು ಪೊದೆ ಸರಿಸಿದರು. ಕೋಳಿಯಷ್ಟು ದೊಡ್ಡ, ಮಣ್ಣು ಬಣ್ಣದ ಒಂದು ಹಕ್ಕಿ. ಉದ್ದನೆಯ ಬಾಲವನ್ನು ತಲೆಯ ಮೇಲೆ ಬೀಸಣಿಗೆಯಂತೆ ಹರಡಿ ಕುಣಿಯುತ್ತಿತ್ತು. ಆ ಸದ್ದೆಲ್ಲ ಅದರ ಗಂಟಲಿನಿಂದಲೇ ಬರುತ್ತಿತ್ತು.

“ಕೇಳಿದ್ದನ್ನೆಲ್ಲ ಕಲಿಯುತ್ತದೆ. ಗಾಡಿ ಇನ್ನೂ ಬಂದಿಲ್ಲ” ಎಂದು ಅವರು ಪಿಸುಗುಟ್ಟಿದರು.

ಇದನ್ನು ಹೇಳಿದಾಗ ಬಸಪ್ಪನ ಮುಖ ಅರಳಿದ್ದನ್ನು ನಾನು ವರ್ಣಿಸಲಾರೆ. ಅವನು ಕೈಯನ್ನು ಬಾಯಿಗೆ ಮರೆ ಮಾಡಿ, ಕುರುಗೋಡಿನ ಬಯಲಲ್ಲಿ ಕುದುರೆ ಕರೆಯುವ ರಾಗದಲ್ಲಿ, “ಹೋಓ... ಬಾರಲೇ ರಾಜಾ, ಬಾ ಬಾ ಬಾ!” ಎಂದು ಕೂಗಿದ. ಹಕ್ಕಿ ಬಾಲ ಇಳಿಸಿ, ಕತ್ತು ಓರೆ ಮಾಡಿತು.

“ನಡಿ ಬಸಣ್ಣ, ಹೊತ್ತಾತು!”

“ಇನ್ನೊಂದ ಸಲ, ರಾಯರ. ಅದು ಕೇಳಾಕತ್ತೈತಿ.”

ಮೂರು ಸಲ ಕೂಗಿದ. ಹಕ್ಕಿ ಉತ್ತರಿಸದೆ ಜರೀಗಿಡದ ಒಳಗೆ ನುಸುಳಿತು. ನಾವು ಏದುತ್ತ, ಜಾರುತ್ತ ಸ್ಟೇಷನ್ನು ಮುಟ್ಟಿದಾಗ ನಿಜವಾದ ಗಾಡಿ ನಿಜವಾದ ಸಿಳ್ಳೆ ಹಾಕುತ್ತ ಒಳಗೆ ಬರುತ್ತಿತ್ತು.

ರೈಲು ಡಬ್ಬಿಯ ತುಂಬ ಜನ. ಕೆಸರು ಮೆತ್ತಿದ ನಮ್ಮನ್ನು ನೋಡಿ ಎರಡು ಬೆಂಚಿನವರು ಎದ್ದು ಜಾಗ ಬಿಟ್ಟರು. ಮಿಸ್ ಡಾಸನ್ ತೊಯ್ದ ಪುಸ್ತಕ ಬಿಡಿಸಿ ಸೀಸದ ಕಡ್ಡಿ ಹಿಡಿದರು.

“ನಾನು ಪ್ರತಿ ವಾರ ಬರುತ್ತೇನಲ್ಲ. ಆ ಹಕ್ಕಿ ಕಲಿತಿದ್ದರೆ ನನಗೆ ಗುರುತು ಸಿಗಬೇಕು. ಇವರು ಏನೆಂದು ಕೂಗಿದರು, ಹೇಳಿ” ಎಂದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಮೆಲ್ಲಗೆ ಓದಿದರು. ಬಸಪ್ಪ ತಲೆ ಅಲ್ಲಾಡಿಸಿದ.

“ಹಂಗಲ್ರೀ ಅವ್ವಾ. ಹೊಟ್ಟಿಯಿಂದ ಬರಬೇಕು. ಹೋಓ...”

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಉಸಿರು ತುಂಬಿಕೊಂಡು, ಇಡೀ ಡಬ್ಬಿ ಬೆಚ್ಚಿ ತಿರುಗುವಂತೆ ಕೂಗಿದರು: “ಹೋಓ... ಬಾರಲೇ ರಾಜಾ, ಬಾ ಬಾ ಬಾ!”

ಬಸಪ್ಪ ಮಂಡಿ ತಟ್ಟಿದ. “ಈಗ ಕುದ್ರಿ ಬರತೈತಿ ನೋಡ್ರಿ.”